ಎತ್ತಿದ ಕೈ

ಗುರು ಅಬೂಯ ಕೈ ಎತ್ತಿದ. ಶಿಷ್ಯ ಒಮೋಲೊ ನುಡಿಸುವುದನ್ನು ನಿಲ್ಲಿಸಿದ.

“ನನಗೆ ಮಂಡಿನೋವು,” ಎಂದ ಗುರು. “ಹೂಂ, ನುಡಿಸು.”

ಒಮೋಲೊ ನ್ಯಾತಿತಿಯ ಮೇಲೆ ಬಾಗಿದ. ಕೆತ್ತಿದ ಮರದ ಬೋಗುಣಿ, ಅದಕ್ಕೆ ಬಿಗಿದ ತೊಗಲು, ಎಂಟು ತಂತಿ. ಬೆರಳು ತಂತಿಯ ಮೇಲೇ ಇತ್ತು. ಹಾಡು ಹೋಗಿತ್ತು.

“ಮತ್ತೆ ಮರೆತೆ, ಗುರುಗಳೇ.”

“ಕಂಡೆ.”

ಪೂರ್ವ ಆಫ್ರಿಕಾದ ದೊಡ್ಡ ಸರೋವರದ ದಂಡೆಯ ಆ ಊರಲ್ಲಿ ಸಾವಿನ ಮನೆಗೆ ನ್ಯಾತಿತಿ ಬೇಕು. ಕೇಳುವವರು ಯಾರೇ ಕೈ ಎತ್ತಲಿ, ಹಾಡು ನಿಲ್ಲಬೇಕು. ಅವರು ಸತ್ತವನ ಬಗ್ಗೆ ಮಾತಾಡುತ್ತಾರೆ. ಆಮೇಲೆ ಹಾಡು ಬಿಟ್ಟಲ್ಲಿಂದ ಹೊರಡಬೇಕು.

ಒಮೋಲೊನ ಅಣ್ಣ ದೋಣಿ ಮಗುಚಿ ಸತ್ತಿದ್ದ. ನಾಳೆ ಜನ ಸೇರುತ್ತಾರೆ. ನನ್ನ ಕಿರಿಮಗನೇ ನುಡಿಸಲಿ ಎಂದಿದ್ದಳು ತಾಯಿ.

“ಗುರುಗಳೇ, ನೀವೇ ನುಡಿಸಿ.”

“ನಿನ್ನವ್ವ ನನ್ನನ್ನು ಕೇಳಲಿಲ್ಲ.”

“ನಡುವೆ ಮರೆತರೆ? ಅಣ್ಣನಿಗೆ ಅವಮಾನ.”

“ಬದುಕಿದ್ದಾಗ ಅವನು ನಿನ್ನ ಹಾಡಿಗೆ ನಿದ್ದೆ ಹೊಡೆಯುತ್ತಿದ್ದ. ನಾಳೆಯೂ ಏಳುವುದಿಲ್ಲ.”

ಒಮೋಲೊ ನಗಲಿಲ್ಲ. ಆ ದಿನ ಊಟವನ್ನೂ ಮಾಡಲಿಲ್ಲ.

ಮರುದಿನ ಅಂಗಳ ತುಂಬಿತು. ಒಮೋಲೊ ಕಣ್ಣು ಮುಚ್ಚಿಕೊಂಡು ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ.

ಸೋದರಮಾವ ಕೈ ಎತ್ತಿದ. ಹಾಡು ನಿಲ್ಲಲಿಲ್ಲ. ಕೈ ಇಳಿಸಿದ.

ತಾಯಿ ಕೈ ಎತ್ತಿದಳು. ಒಮೋಲೊ ಕಣ್ಣು ತೆರೆಯಲಿಲ್ಲ. ಆಕೆ ಕೈ ಇಳಿಸಲಿಲ್ಲ. ಜನ ಅವಳನ್ನು ನೋಡಿದರು, ಅವನನ್ನು ನೋಡಿದರು.

ಅಬೂಯ ಎದ್ದು ಬಂದು ಎಂಟೂ ತಂತಿಗಳ ಮೇಲೆ ಅಂಗೈ ಇಟ್ಟ.

ಒಮೋಲೊ ಬೆಚ್ಚಿ ಕಣ್ಣು ಬಿಟ್ಟ. “ಗುರುಗಳೇ, ಇನ್ನೇನು ಮುಗಿಯುತ್ತಿತ್ತು.”

“ಅದಕ್ಕೇ ಎದ್ದು ಬಂದೆ.”

ತಾಯಿ ಮಾತಾಡಿದಳು.

“ನನ್ನ ದೊಡ್ಡ ಮಗ ದಿನಾ ಮೀನಿನ ತಲೆ ನನಗೇ ಇಡುತ್ತಿದ್ದ. ನನಗೆ ಅದು ಸೇರುವುದಿಲ್ಲ. ಇಪ್ಪತ್ತು ವರ್ಷ ತಿಂದೆ. ಹೇಳಲಿಲ್ಲ.”

ಯಾರೋ ನಕ್ಕರು. ಸೋದರಮಾವ ಮುಖ ಮುಚ್ಚಿಕೊಂಡು ಅತ್ತ.

ಅಬೂಯ ತಂತಿಯಿಂದ ಕೈ ತೆಗೆದ. ಒಮೋಲೊನ ಬೆರಳು ಕದಲಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು.

“ಗುರುಗಳೇ, ಹಾಡು ಮರೆತೆ. ಪೂರ್ತಿ ಮರೆತೆ.”

“ಸರಿ. ಕೂತು ಕೇಳು. ನಿನ್ನವ್ವನ ಮಾತು ಇನ್ನೂ ಮುಗಿದಿಲ್ಲ.”