ಮುಚ್ಚಳವಿಲ್ಲದ ಬುಟ್ಟಿಬೆಟ್ಟ

ಲಾವೋಸ್ ದೇಶದಲ್ಲಿ ಮೇಕಾಂಗ್ ನದಿಯ ದಡಕ್ಕೆ ಒತ್ತಿಕೊಂಡು ಫು ತಿಪ್ ಎಂಬ ಬೆಟ್ಟವಿದೆ. ಅಲ್ಲಿಯ ಮಾತಿನಲ್ಲಿ ಫು ಎಂದರೆ ಬೆಟ್ಟ, ತಿಪ್ ಎಂದರೆ ಅಂಟು ಅಕ್ಕಿಯ ಅನ್ನ ತುಂಬಿಡುವ ಬಿದಿರಿನ ಬುಟ್ಟಿ. ಬೆಟ್ಟದ ನೆತ್ತಿ ಗುಳಿಬಿದ್ದಿದೆ. ಯಾರೋ ಉಂಡು, ಬುಟ್ಟಿ ಮುಚ್ಚದೆ ಎದ್ದುಹೋದಂತೆ ಕಾಣುತ್ತದೆ. ಆ ನಾಡಿನಲ್ಲಿ ಹಾಗೆ ಎದ್ದುಹೋಗುವಂತಿಲ್ಲ. ಉಂಡ ಮೇಲೆ ಮುಚ್ಚಳ ಹಾಕದಿದ್ದರೆ ಗಂಡ ಹೆಂಡಿರು ಅಗಲುತ್ತಾರೆ ಎಂಬುದು ಅವರ ನಂಬಿಕೆ. ಹಾಗಾದರೆ ಈ ಬುಟ್ಟಿಯ ಮುಚ್ಚಳ ಎಲ್ಲಿ ಎಂದು ಕೇಳಿದರೆ, ಅದನ್ನು ಹೊಟ್ಟೆಕಿಚ್ಚು ನುಂಗಿತು ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ ಈ ದಡದಲ್ಲಿ ಕೇಸೋನ್ ಎಂಬ ಬುಟ್ಟಿ ಹೆಣೆಯುವವಳಿದ್ದಳಂತೆ. ಮದುವೆಯಾದ ಗಂಡು, ಹೆಣ್ಣಿನ ಮನೆಗೆ ಬಂದು ಬಾಳುವುದು ಅಲ್ಲಿಯ ವಾಡಿಕೆ. ಹಾಗೆ ಎದುರು ದಡದಿಂದ ಬಂದವನು ಅವಳ ಗಂಡ, ಮೀನು ಹಿಡಿಯುವ ಖಮ್‌ಸಿಂಗ್. ಅವನ ಮೇಲೆ ಅವಳಿಗೆ ಪ್ರೀತಿ ಎಷ್ಟಿತ್ತೋ ಸಂಶಯವೂ ಅಷ್ಟೇ ಇತ್ತು. ಅವನು ತಾನು ಹುಟ್ಟಿದ ಮನೆಯ ಸುದ್ದಿ ಎತ್ತಿದರೂ ಅವಳ ಮುಖ ಊದಿಕೊಳ್ಳುತ್ತಿತ್ತು. ಪಾಪ, ಅವನು ಆ ಸುದ್ದಿ ಎತ್ತುವುದನ್ನೇ ಬಿಟ್ಟ. ದಿನವೂ ಅವನು ಮೀನಿಗೆ ಹೊರಡುವಾಗ ಅವಳೇ ಬುಟ್ಟಿಗೆ ಅನ್ನ ತುಂಬಿ, ಮುಚ್ಚಳಕ್ಕೆ ದಾರ ಬಿಗಿದು ಕೊಡುತ್ತಿದ್ದಳು. ಆ ಮಳೆಗಾಲ, ಸಂಜೆ ಬುಟ್ಟಿ ಮರಳುವಾಗ ದಾರದ ಗಂಟು ಬೇರೆಯಾಗಿರುತ್ತಿತ್ತು. ಖಮ್‌ಸಿಂಗ್ ಹಾಕುವ ಒರಟು ಗಂಟಲ್ಲ, ಹೆಂಗಸಿನ ಕೈಯ ಅಚ್ಚುಕಟ್ಟಾದ ಗಂಟು. ಉಳಿದ ಅನ್ನದಲ್ಲಿ ಸುಟ್ಟ ಮೆಣಸಿನಕಾಯಿ ಚಟ್ನಿಯ ವಾಸನೆ. ಅದೂ ತನ್ನ ಮನೆಯದಲ್ಲ. ಗಂಡ ಇನ್ನೊಬ್ಬಳ ಕೈರುಚಿಗೆ ಬಾಯಿ ಚಪ್ಪರಿಸುವುದನ್ನು ನೆನೆದು ಅವಳ ಹೊಟ್ಟೆ ಉರಿದುಹೋಯಿತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಂಶಯ ಹೊಕ್ಕ ತಲೆ ಕೇಳುತ್ತದೆಯೇ? ನೇರ ತೀರ್ಪನ್ನೇ ಕೊಡುತ್ತದೆ.

ನದಿ ಕೆಂಪಾಗಿ ತುಂಬಿ ಹರಿಯುತ್ತಿದ್ದ ಒಂದು ಬೆಳಿಗ್ಗೆ, ಕೇಸೋನ್ ದಡದಲ್ಲಿ ನಿಂತು ಮುಚ್ಚಳವನ್ನು ನೀರಿಗೆ ಬೀಸಿ ಎಸೆದು, ಬರಿ ಬುಟ್ಟಿಯನ್ನು ಅವನ ಮುಂದೆ ಹಿಡಿದಳು. "ಗಂಟು ಕಟ್ಟೋಕೆ ಅಲ್ಲೊಬ್ಬಳಿದ್ದಾಳಲ್ಲ, ಮುಚ್ಚಳಾನೂ ಅವಳೇ ಹೆಣೆದು ಕೊಡ್ಲಿ!"

"ಅಯ್ಯೋ, ಎಂಥ ಕೆಲಸ ಮಾಡಿದೆಯೇ!" ಎಂದವನೇ ಖಮ್‌ಸಿಂಗ್ ನೀರಿಗೆ ಧುಮುಕಿದ. ಮುಚ್ಚಳ ಹೋದರೆ ಸಂಸಾರವೇ ಹೋದಂತೆ ಎಂದು ನಂಬಿದವನು ಅವನು. ಮುಚ್ಚಳವೂ ಬರಲಿಲ್ಲ, ಅವನೂ ಬರಲಿಲ್ಲ.

ನೆರೆ ಇಳಿದು ದೋಣಿಗಳು ಓಡಾಡತೊಡಗಿದ ಮೇಲೆ ಎದುರು ದಡದಿಂದ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಬಾಳೆಎಲೆಯ ಪೊಟ್ಟಣವಿತ್ತು. "ನನ್ನ ಮಗ ಊಟಕ್ಕೆ ಬಂದು ಬಹಳ ದಿನ ಆಯ್ತಮ್ಮ. ನಿಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತೀಯ ಅಂತ ಕದ್ದು ಬರ್ತಿದ್ದ. ಮೈ ಹುಷಾರಿಲ್ವೇನೋ ಅಂತ ನಾನೇ ಬಂದೆ" ಎಂದಳು. ಪೊಟ್ಟಣ ಬಿಚ್ಚುವ ಮೊದಲೇ ಕೇಸೋನಳ ಮೂಗಿಗೆ ಅದೇ ಚಟ್ನಿಯ ವಾಸನೆ ಬಡಿಯಿತು. ಬರಿ ಬುಟ್ಟಿ ಅಪ್ಪಿಕೊಂಡು ಬೆಟ್ಟ ಹತ್ತಿದವಳು ಮತ್ತೆ ಇಳಿಯಲಿಲ್ಲ. ಆ ಬುಟ್ಟಿಯೇ ಬೆಟ್ಟದ ನೆತ್ತಿಯಾಯಿತು ಎನ್ನುತ್ತಾರೆ.

ಬೇಸಗೆಯಲ್ಲಿ ನೀರು ತಗ್ಗಿದಾಗ ನಡುಹೊಳೆಯಲ್ಲಿ ದುಂಡನೆಯ ಚಪ್ಪಟೆ ಬಂಡೆಯೊಂದು ಈಗಲೂ ತಲೆಯೆತ್ತುತ್ತದೆ. ಅದೇ ಮುಚ್ಚಳವಂತೆ. ನಾನು ಆ ಹೊಳೆ ದಾಟಿದ ದಿನ, ಅದರ ಪಕ್ಕ ಹಾಯುವಾಗ ನಮ್ಮ ದೋಣಿಯಲ್ಲಿದ್ದ ಎಳೆಯ ಸೊಸೆಯೊಬ್ಬಳು ಗಂಡ ಉಂಡ ಬುಟ್ಟಿಗೆ ಮುಚ್ಚಳ ಒತ್ತಿದಳು. ದಾರವನ್ನು ಮಾತ್ರ ತಾನು ಕಟ್ಟದೆ, ಊದಿಕೊಂಡ ಮುಖದಲ್ಲೇ ಗಂಟು ಹಾಕಲು ಪಕ್ಕದಲ್ಲಿ ಕೂತಿದ್ದ ಅತ್ತೆಯ ಕೈಗೆ ಕೊಟ್ಟಳು.