ಪಾದದ ಮಣ್ಣು

"ಗುರುಗಳೇ, ತಪ್ಪು ನನ್ನದಲ್ಲದಿದ್ದರೂ ನಾನೇ ಬಾಗಬೇಕೆ?" ಎಂದು ಶಿಷ್ಯ ಮಹಾಂತೇಶ ಕೇಳಿದ.

ಅವನು ಕಾಲೇಜಿನ ಸೇವಾ ತಂಡದ ಜೊತೆ ಮನೆಮನೆಯ ಆರೋಗ್ಯ ವಿಚಾರಿಸಲು ಹೋಗಿ ಬಂದಿದ್ದ. ಮುಖ ಕೆಂಪಾಗಿತ್ತು. ಕಾಯಿಲೆ ಇದೆಯೆಂದು ಕೇಳಿ ಹೋದ ಒಂದು ಮನೆಯವರು ಅವನನ್ನು ಹೊಸ್ತಿಲಲ್ಲೇ ತಡೆದು ಬಾಯಿಗೆ ಬಂದಂತೆ ಬೈದಿದ್ದರು. ಯಾರು ಏನೆಂದರು, ನೆರೆಯವರು ಹೇಗೆ ನಕ್ಕರು, ತಾನು ಎಷ್ಟು ವಿನಯದಿಂದ ಮಾತಾಡಿದೆ ಎಂಬುದನ್ನೆಲ್ಲ ಒಂದೂ ಬಿಡದೆ ಹೇಳಿದ. ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದ.

ಗುರುಗಳು ಪೂರ್ತಿ ಕೇಳಿಸಿಕೊಂಡರು. "ಕೂತುಕೋ. ಬೈಗುಳ ಅರಗಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಸೇವೆಗೆ ಹೆಸರು ಕೊಟ್ಟ ಪ್ರತಿ ವಿದ್ಯಾರ್ಥಿಗೂ ಐದು ಮನೆ ವಹಿಸುತ್ತಿದ್ದರು. ಒಂದು ವರ್ಷ ಆ ಐದು ಮನೆಗಳ ಆರೋಗ್ಯ ನೋಡಿಕೊಳ್ಳುವುದು ಆ ವಿದ್ಯಾರ್ಥಿಯ ಹೊಣೆ. ಕೂಸುಗಳನ್ನು ತೂಗಬೇಕು, ಲಸಿಕೆಯ ದಿನ ನೆನಪಿಸಬೇಕು, ಕಾಯಿಲೆ ಕಂಡರೆ ನರ್ಸಿಗೆ ತಿಳಿಸಬೇಕು.

ಒಬ್ಬ ಹುಡುಗಿಗೆ ನೇಕಾರರ ಓಣಿಯ ಐದು ಮನೆ ಬಂದವು. ಹುಡುಗಿ ಜಾಣೆ. ಜಾಣೆ ಎಂಬುದು ಅವಳಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಮೂರನೆಯ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಸೊಸೆ, ಎಂಟು ತಿಂಗಳ ಒಂದು ಗಂಡುಕೂಸು. ಸೊಸೆಯ ಮೊದಲ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಹಾಗಾಗಿ ಅಜ್ಜಿ ಈ ಕೂಸನ್ನು ಸೆರಗಿನಲ್ಲೇ ಸಾಕುತ್ತಿದ್ದಳು, ಹೊರಗಿನವರ ಎದುರಿಗೆ ತರುತ್ತಿರಲಿಲ್ಲ. ಹುಡುಗಿ ಬಹಳ ಕೇಳಿಕೊಂಡಳು. ಅಜ್ಜಿ ಕೊನೆಗೆ ಕೂಸನ್ನು ಕೊಟ್ಟಳು. ಹುಡುಗಿ ತೂಗಿದಳು. ತೂಕ ನೋಡಿ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಬೀದಿಯ ಆಚೆ ನಿಂತಿದ್ದ ತನ್ನ ಜೊತೆಗಾತಿಗೆ ಕೂಗಿ ಹೇಳಿದಳು.

"ಒಂಬತ್ತು ಕಿಲೋ! ಇಡೀ ಓಣ್ಯಾಗ ಇಂಥಾ ಗಟ್ಟಿ ಕೂಸು ಇನ್ನೊಂದಿಲ್ಲ!"

ನಮ್ಮಲ್ಲಿ ಕೂಸನ್ನು ಹೊಗಳುವವರು ಮೊದಲು ಅದರ ಕೆನ್ನೆಯ ಮೇಲೆ ಕಾಡಿಗೆಯ ಬೊಟ್ಟು ಇದೆಯೇ ಎಂದು ನೋಡುತ್ತಾರೆ. ಹುಡುಗಿ ತಕ್ಕಡಿಯ ಮುಳ್ಳು ಮಾತ್ರ ನೋಡಿದ್ದಳು. ಅಜ್ಜಿ ಕೂಸನ್ನು ಕಸಿದುಕೊಂಡು ಒಳಗೆ ಹೋದದ್ದೂ ಅವಳ ಗಮನಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ಕೂಸಿಗೆ ವಾಂತಿ ಭೇದಿ ಶುರುವಾಯಿತು.

ಹುಡುಗಿಗೆ ಸುದ್ದಿ ಮುಟ್ಟಿದಾಗ ಮಧ್ಯಾಹ್ನ. ಜೊತೆಗಾತಿಯನ್ನು ಕರೆದುಕೊಂಡು ಓಡೋಡಿ ಬಂದಳು. ಕೂಸಿನ ತಂದೆ ನೂಲು ತರಲು ಪಟ್ಟಣಕ್ಕೆ ಹೋಗಿದ್ದ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅವತ್ತ ಓಣಿಗೆಲ್ಲ ಕೇಳೂ ಹಂಗ ಒದರಿದಿ. ಈಗ ಏನ ನೋಡಾಕ ಬಂದಿ? ಉಳದೈತೋ ಹೋಗೈತೋ ಅಂತ ನೋಡಾಕ ಬಂದಿಯೇನು?"

ಹುಡುಗಿ ತಿಳಿಸಿ ಹೇಳಿದಳು. ಕಣ್ಣು ತಾಗಿದ್ದರಿಂದ ಭೇದಿಯಾಗುವುದಿಲ್ಲ ಎಂದಳು. ನೊಣ, ನೀರು, ತೊಳೆಯದ ಕೈ, ಇವೇ ಕಾರಣ ಎಂದಳು. ಎಲ್ಲವೂ ಸತ್ಯ. ಒಂದೊಂದು ಸತ್ಯಕ್ಕೂ ಅಜ್ಜಿಯ ಮುಖ ಇನ್ನಷ್ಟು ಬಿಗಿಯಾಯಿತು. ನಮ್ಮ ಮನೆ ಹೊಲಸು ಎನ್ನುತ್ತೀಯಾ ಎಂದು ಕೇಳಿದಳು. ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು. ಜನ ಹೊರಗೆ ಬಂದು ನೋಡತೊಡಗಿದರು.

ಅಜ್ಜಿಯ ಬೆನ್ನ ಹಿಂದೆ ಸೊಸೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸು ಅಳುತ್ತಿತ್ತು, ಕಣ್ಣಲ್ಲಿ ನೀರಿರಲಿಲ್ಲ. ಸೊಸೆ ಅಲ್ಲಿಂದಲೇ ಹೇಳಿದಳು: "ಅಕ್ಕಾರ, ಮುಂಜಾನಿಂದ ಹನಿ ನೀರ ಹಾಕಿಲ್ಲ. ಹಾಕಿದರ ಭೇದಿ ಹೆಚ್ಚಾಗತೈತಿ ಅಂತಾರ ನಮ್ಮತ್ತಿ."

ಇದನ್ನು ಕೇಳಿ ಹುಡುಗಿ ಕೂಡಲೇ ನರ್ಸಿಗೆ ಫೋನ್ ಮಾಡಿದಳು. ನರ್ಸ್ ದೂರದ ಹಳ್ಳಿಯಲ್ಲಿದ್ದಳು, ಎಷ್ಟು ಅವಸರ ಮಾಡಿದರೂ ಸಂಜೆಯಾಗುತ್ತಿತ್ತು. ಅಲ್ಲಿಯವರೆಗೆ ಹೇಗಾದರೂ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸು, ನಿಲ್ಲಿಸಬೇಡ ಎಂದಳು. ಆ ಪುಡಿಯ ಪೊಟ್ಟಣ ಹುಡುಗಿಯ ಚೀಲದಲ್ಲೇ ಇತ್ತು. ಕೂಸು ಹತ್ತು ಹೆಜ್ಜೆ ದೂರದಲ್ಲಿತ್ತು. ನಡುವೆ ಅಜ್ಜಿ ಇದ್ದಳು.

ಜೊತೆಗಾತಿ ಅವಳ ಕೈ ಹಿಡಿದು ಎಳೆದಳು. "ಕೋಣನ ಮುಂದ ಕಿನ್ನರಿ ಯಾಕ ಬಾರಸ್ತಿ? ಮನಿಯವರು ಒಪ್ಪಲಿಲ್ಲ ಅಂತ ಬರಿಯಾಕ ಫಾರಮಿನ್ಯಾಗ ಜಾಗಾನ ಐತಿ. ಬರದು ನಡಿ. ನಮ್ಮದೇನ ತಪ್ಪೈತಿ?"

ಹುಡುಗಿ ಹೋಗಲಿಲ್ಲ. ಒಳಗೂ ಹೋಗಲಾಗಲಿಲ್ಲ. ಕಟ್ಟೆಯ ಮೇಲೆ ಕೂತಳು. ಅವಳಿಗೆ ಸಿಟ್ಟು ಬಂದಿತ್ತು. ತಾನು ಓದಿದವಳು, ಇವಳು ತಿಳಿಯದವಳು ಎಂಬ ಸಿಟ್ಟು. ಆ ಸಿಟ್ಟಿನಲ್ಲಿ ಸುಮಾರು ಹೊತ್ತು ಕಳೆಯಿತು. ಒಳಗಿನಿಂದ ಅಳು ಕೇಳುತ್ತಲೇ ಇತ್ತು.

ಆಮೇಲೆ ಅಳು ನಿಂತಿತು.

ಅಳುವ ಕೂಸಿನಲ್ಲಿ ಇನ್ನೂ ಶಕ್ತಿ ಇರುತ್ತದೆ, ಸುಮ್ಮನಾದ ಕೂಸಿಗೆ ಹೆಚ್ಚು ಹೊತ್ತಿಲ್ಲ ಎಂದು ಅವಳಿಗೆ ತರಬೇತಿಯಲ್ಲಿ ಹೇಳಿದ್ದರು. ಹುಡುಗಿ ಎದ್ದು ಬಾಗಿಲಿಗೆ ಬಂದಳು.

"ಅಜ್ಜೀ, ಅವತ್ತ ಒದರಿದ್ದು ನಂದ ತಪ್ಪು. ಅದು ನಿಮ್ಮ ಕೂಸು. ಬೀದ್ಯಾಗ ಸಾರಾಕ ನಾ ಯಾರು? ನೀವು ಏನ ಮಾಡು ಅಂತೀರಿ, ಮಾಡ್ತೀನಿ."

ಅಜ್ಜಿ ಇದನ್ನು ನಿರೀಕ್ಷಿಸಿರಲಿಲ್ಲ. ಹುಡುಗಿಯ ಕಾಲನ್ನೇ ನೋಡಿದಳು. "ಮುಂಜಾನಿಂದ ನಿನ್ನ ಪಾದದ ಮಣ್ಣ ಹುಡುಕಾಕತ್ತೀನಿ. ನೀ ನೋಡಿದರ ಬೂಟ ಹಾಕ್ಕೊಂಡ ಅಡ್ಡಾಡ್ತಿ" ಎಂದಳು.

ದೃಷ್ಟಿ ಹಾಕಿದವರ ಪಾದದ ಮಣ್ಣನ್ನು ಉಪ್ಪು ಮೆಣಸಿನಕಾಯಿಯ ಜೊತೆ ಕೂಸಿಗೆ ನಿವಾಳಿಸಿ ಒಲೆಗೆ ಹಾಕುವುದು ಆ ಓಣಿಯ ವಾಡಿಕೆ. ಆದರೆ ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ ನಿನ್ನ ಕಣ್ಣು ಕೆಟ್ಟದ್ದು ಎಂದ ಹಾಗಾಯಿತು, ತಲೆಮಾರಿನ ಜಗಳವಾಗುತ್ತದೆ. ಆದ್ದರಿಂದ ಹೆಂಗಸರು ಅದನ್ನು ಕದ್ದು ತೆಗೆಯುತ್ತಾರೆ. ತಾನಾಗಿಯೇ ಕೊಟ್ಟವರು ಆ ಓಣಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಹುಡುಗಿ ಬೂಟಿನ ದಾರ ಬಿಚ್ಚತೊಡಗಿದಳು.

"ನಿನಗ ತಲಿ ಕೆಟ್ಟೈತೇನು? ನಾವು ವಿಜ್ಞಾನ ಓದಾವರು. ನಾಳೆ ಕಾಲೇಜಿನ್ಯಾಗ ಮುಖ ಎತ್ತಿ ಅಡ್ಡಾಡಾಕ ಆಗೂದಿಲ್ಲ" ಎಂದಳು ಜೊತೆಗಾತಿ.

ಹುಡುಗಿ ಬೂಟು ತೆಗೆದು ಸುಡುವ ಮಣ್ಣಿನಲ್ಲಿ ಬರಿಗಾಲಲ್ಲಿ ನಿಂತಳು. ಇಡೀ ಓಣಿ ನೋಡುತ್ತಿತ್ತು. ಅವಳಿಗೆ ಅವಮಾನವಾಯಿತು, ಕಣ್ಣು ತುಂಬಿತು. ಅಜ್ಜಿ ಬಗ್ಗಿ ಅವಳ ಹೆಜ್ಜೆಯಡಿಯಿಂದ ಒಂದು ಚಿಟಿಕೆ ಮಣ್ಣು ತೆಗೆದುಕೊಂಡಳು.

"ಸಿಟ್ಟಿಗೇಳಬ್ಯಾಡ ಯವ್ವಾ. ಎರಡು ಕೂಸು ಮಣ್ಣಿಗೆ ಕೊಟ್ಟೀನಿ" ಎಂದಳು.

ದೃಷ್ಟಿ ತೆಗೆದದ್ದಾಯಿತು. ಒಲೆಯಲ್ಲಿ ಮೆಣಸಿನಕಾಯಿ ಚಟಪಟ ಎಂದಿತು. ಅಜ್ಜಿ ಬಾಗಿಲು ಬಿಟ್ಟು ಸರಿದಳು. ಹುಡುಗಿ ಒಳಗೆ ಹೋಗಿ ಕೈ ತೊಳೆದಳು, ಕುದಿಸಿ ಆರಿಸಿದ ನೀರಿಗೆ ಪೊಟ್ಟಣ ಕಲಸಿದಳು, ಚಮಚದಲ್ಲಿ ಕೂಸಿನ ಬಾಯಿಗೆ ಹಾಕಿದಳು. ಕೂಸು ಕಾರಿತು. ಅಜ್ಜಿ ಅವಳ ಕೈ ಹಿಡಿದಳು. ಹುಡುಗಿ ಅಜ್ಜಿಯ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕುತ್ತೇನೆ, ನನ್ನನ್ನು ಒಂದು ಸಲ ನಂಬು ಎಂದಳು. ಅಜ್ಜಿ ಕೈ ಬಿಟ್ಟಳು. ಎರಡನೆಯ ಸಲ ನೀರು ಒಳಗೆ ನಿಂತಿತು. ಹಾಗೆಯೇ ಒಂದೊಂದು ಚಮಚವಾಗಿ ಮೂರು ತಾಸು ಕುಡಿಸಿದಳು.

ಸಂಜೆ ನರ್ಸ್ ಹೊಸ್ತಿಲು ದಾಟುವ ಹೊತ್ತಿಗೆ ಕೂಸು ಹುಡುಗಿಯ ತೊಡೆಯ ಮೇಲೆ ಉಚ್ಚೆ ಹೊಯ್ದಿತು. ನರ್ಸ್ ಅದನ್ನು ನೋಡಿ, ಮೈಗೆ ನೀರು ಹತ್ತಿದೆ ಎಂದು ಚೀಲ ಕೆಳಗಿಟ್ಟು ನಕ್ಕಳು. ಇನ್ನೊಂದು ತಾಸು ಬಾಯಾರಿ ಬಿದ್ದಿದ್ದರೆ ನಾನು ಬಂದೂ ಉಪಯೋಗವಿರಲಿಲ್ಲ ಎಂದಳು.

ಆಮೇಲೆ ಆ ಓಣಿಯಲ್ಲಿ ಯಾವ ಕೂಸಿಗೆ ಭೇದಿಯಾದರೂ ಅಜ್ಜಿ ತಾನೇ ಹೋಗಿ ನಿಲ್ಲುತ್ತಿದ್ದಳು. ದೃಷ್ಟಿ ತೆಗೀರಿ, ನೀರು ನಿಲ್ಲಿಸಬೇಡಿ ಎಂದು ಎರಡು ಮಾತು ಹೇಳುತ್ತಿದ್ದಳು. ಮೊದಲನೆಯದರಿಂದ ಹಾಳಾದದ್ದು ನಾಲ್ಕು ಮೆಣಸಿನಕಾಯಿ.

ಕತೆ ಮುಗಿಯಿತು. ಮಹಾಂತೇಶನ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಆದರೂ ಗುರುಗಳೇ, ಸತ್ಯ ಆ ಹುಡುಗಿಯ ಕಡೆ ಇತ್ತಲ್ಲ?"

"ಇತ್ತು. ಕಟ್ಟೆಯ ಮೇಲೆ ಅವಳ ಪಕ್ಕದಲ್ಲೇ ಕೂತಿತ್ತು."

"ಹಾಗಾದರೆ ನನ್ನನ್ನು ಬೈದವರು ಮಾಡಿದ್ದು ಸರಿಯೇ? ಅಷ್ಟು ಜನರ ಎದುರಿಗೆ ನನಗೆ ಹಾಗೆ ಅನ್ನಬಹುದೇ?"

ಗುರುಗಳು ಅವನನ್ನೇ ನೋಡಿದರು.

"ಮಹಾಂತೇಶ, ಆ ಮನೆಯಲ್ಲಿ ಕಾಯಿಲೆ ಬಿದ್ದವರು ಯಾರು?"

"ಅದನ್ನು ಕೇಳಲೇ ಇಲ್ಲ" ಎಂದು ಮಹಾಂತೇಶ ಎದ್ದು ಆ ಮನೆಯ ಕಡೆ ಹೊರಟ.