ದರ್ಜಿಯ ಉಪವಾಸ

"ಕಟ್ಟಿಹಾಕಿದರೆ ಕೂಗುತ್ತೆ, ಬಿಟ್ಟರೆ ಮೇಯುತ್ತೆ, ಮೇಯದಿದ್ದರೂ ಬೆಳೆಯುತ್ತೆ. ಅದೇನು ಹೇಳಿ ಬುದ್ಧಿ?"

ಕೇಳಿದವನು ಗುರುಮಲ್ಲಪ್ಪ ಎಂಬ ಶಿಷ್ಯ. ಅರವತ್ತು ದಾಟಿದವನು. ಮಠದ ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಗುರುಗಳು ಯೋಚಿಸಿದರು. ಹೊಳೆಯಲಿಲ್ಲ. ಓದುವ ನೀವೂ ತಲೆ ಕೆಡಿಸಿಕೊಳ್ಳಬೇಡಿ, ನಿಮಗೂ ಹೊಳೆಯುವುದಿಲ್ಲ.

"ನನ್ನ ಹೊಟ್ಟೆ ಬುದ್ಧಿ," ಎಂದ ಗುರುಮಲ್ಲಪ್ಪ.

ಗುರುಗಳು ನಗಲಿಲ್ಲ. ಬೆಳಗಿನಿಂದ ಬಂದವರೆಲ್ಲ ಒಂದೊಂದು ನೋವು ತಂದು ಅವರ ಮುಂದಿಟ್ಟು ಹೋಗಿದ್ದರು. ಇವನು ಹೊಟ್ಟೆ ತಂದಿದ್ದ.

ಗುರುಮಲ್ಲಪ್ಪ ವಿಷಯ ಬಿಡಿಸಿ ಹೇಳಿದ. ಮಂಡಿ ಉಳಿಯಬೇಕಾದರೆ ತೂಕ ಇಳಿಸು ಎಂದು ಡಾಕ್ಟರು ಹೇಳಿದ್ದರು. ಹೊತ್ತು ನೋಡಿಕೊಂಡು ಉಣ್ಣುವ ಉಪವಾಸವನ್ನು ಅವನು ಯಾರದೋ ಮೊಬೈಲಿನಲ್ಲಿ ನೋಡಿ ಕಲಿತಿದ್ದ. ನಡುಹಗಲಿನವರೆಗೆ ಬರೀ ನೀರು. ಆಮೇಲೆ ಒಂದು ಊಟ, ಹೊತ್ತು ಮುಳುಗುವ ಮೊದಲು ಇನ್ನೊಂದು. ಮತ್ತೆ ಮಾರನೆಯ ನಡುಹಗಲಿನವರೆಗೆ ಬಾಯಿ ಬಂದ್. ತಿಂಗಳುಗಳು ಕಳೆದವು. ಮಂಡಿ ನೋಯುತ್ತಲೇ ಇತ್ತು. ಪಂಚೆಯ ಗಂಟು ಇದ್ದಲ್ಲೇ ಇತ್ತು.

"ಸಾಕಾಗಿ ಹೋಗಿದೆ ಬುದ್ಧಿ. ಈ ವಯಸ್ಸಿನಲ್ಲಿ ಇಷ್ಟು ಹಸಿದೆನಲ್ಲ, ಆ ಹಸಿವೆಲ್ಲ ಎಲ್ಲಿಗೆ ಹೋಯ್ತು?"

ಗುರುಗಳು ಕಂಬಕ್ಕೆ ಒರಗಿದರು. "ಕೂತ್ಕೋ," ಎಂದು ಕತೆ ಹೇಳತೊಡಗಿದರು.

ಒಬ್ಬ ದರ್ಜಿ ಇದ್ದ. ಅವನಿಗೂ ವಯಸ್ಸಾಗಿತ್ತು, ಮಂಡಿನೋವೂ ಇತ್ತು. ಹೊಲಿಗೆ ಮಿಷನ್ನಿನ ಮುಂದೆ ಕೂತರೆ ಮೊದಲು ಹೊಟ್ಟೆ ಮಿಷನ್ನನ್ನು ಮುಟ್ಟುತ್ತಿತ್ತು, ಕೈ ಆಮೇಲೆ. ಅವನೂ ನಿನ್ನ ಹಾಗೆಯೇ ಹೊತ್ತಿನ ಉಪವಾಸ ಹಿಡಿದ.

ಹಿಡಿದ ದಿನವೇ ಹೆಂಡತಿಗೆ ಹೇಳಿದ. ಇನ್ನು ಮೇಲೆ ಅಕ್ಕಿ ಅರ್ಧ ಹಾಕು. ಬೆಳಿಗ್ಗೆ ಒಲೆ ಹಚ್ಚಬೇಡ, ಒಗ್ಗರಣೆ ವಾಸನೆಗೆ ನನ್ನ ಮನಸ್ಸು ಕೆಡುತ್ತದೆ. ಸಂಜೆಯ ಮೇಲೆ ಅಡುಗೆಮನೆಯ ಕಡೆ ಹೋಗಬೇಡ. ಹೆಂಡತಿ ಹಾಗೆಯೇ ನಡೆದುಕೊಂಡಳು. ಗಂಡ ಉಂಡು ಎದ್ದ ಮೇಲೆ ತಾನು ಉಣ್ಣುವುದು ಅವಳ ರೂಢಿ. ಮದುವೆಯಾಗಿ ಬಂದಂದಿನಿಂದ ಹಾಗೆಯೇ. ಅದನ್ನು ಯಾರೂ ಉಪವಾಸ ಎಂದು ಕರೆದಿರಲಿಲ್ಲ.

ನಡುಹಗಲಿಗೆ ದರ್ಜಿ ತಟ್ಟೆಯ ಮುಂದೆ ಕೂರುತ್ತಿದ್ದ. ಅಷ್ಟು ಹೊತ್ತು ತಡೆದ ಹಸಿವು ಒಮ್ಮೆಗೇ ಎದ್ದು ಬರುತ್ತಿತ್ತು. ತನ್ನ ಪಾಲು ಉಣ್ಣುತ್ತಿದ್ದ. ಪಾತ್ರೆಯಲ್ಲಿ ಇನ್ನೂ ಇದೆಯಲ್ಲ ಎಂದು ಅದನ್ನೂ ಬಡಿಸಿಕೊಳ್ಳುತ್ತಿದ್ದ. ಅವನು ಕೈ ತೊಳೆದು ಹೋದ ಮೇಲೆ ಹೆಂಡತಿ ಪಾತ್ರೆಯ ತಳ ಕೆರೆದು, ಮಜ್ಜಿಗೆ ಹುಯ್ದುಕೊಂಡು ಕುಡಿಯುತ್ತಿದ್ದಳು. ಸಂಜೆಯೂ ಅಷ್ಟೇ.

ದರ್ಜಿ ಬೆಳಿಗ್ಗೆ ಎದ್ದ ಕೂಡಲೆ ಟೇಪನ್ನು ಸೊಂಟಕ್ಕೆ ಸುತ್ತಿ ನೋಡುತ್ತಿದ್ದ. ಊರಿನವರೆಲ್ಲರ ಅಳತೆ ತೆಗೆದ ಟೇಪು. ಅವನಿಗೆ ಮಾತ್ರ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳುತ್ತಿತ್ತು.

ಒಂದು ದಿನ ಹೆಂಡತಿ ತನ್ನ ರವಿಕೆ ತಂದು ಮಿಷನ್ನಿನ ಮೇಲಿಟ್ಟಳು. ಸಡಿಲವಾಗಿದೆ, ಪಕ್ಕಕ್ಕೊಂದು ಹೊಲಿಗೆ ಹಾಕಿಕೊಡಿ ಎಂದಳು. ಒಗೆದು ಒಗೆದು ಬಟ್ಟೆ ಹಿಗ್ಗಿದೆ ಎಂದುಕೊಂಡು ದರ್ಜಿ ಹೊಲಿದುಕೊಟ್ಟ. ಸ್ವಲ್ಪ ದಿನಕ್ಕೆ ಮತ್ತೆ ತಂದಳು. ಮತ್ತೆ ಹೊಲಿದುಕೊಟ್ಟ. ಇನ್ನೊಮ್ಮೆ ತಂದಾಗ ಬಟ್ಟೆ ಮಾರಿದವನನ್ನು ಬೈದ.

ಗಿರಾಕಿಗಳ ರವಿಕೆಗೆ ಹುಕ್ಕು ಹಾಕುವುದು ಅವಳ ಕೆಲಸ. ಹುಕ್ಕುಗಳು ಕಿತ್ತು ಬರತೊಡಗಿದವು. ಗಿರಾಕಿಗಳು ವಾಪಸು ತಂದರು.

"ನಿನ್ನ ಕೈಗೇನಾಗಿದೆ? ಸೂಜಿ ನಡುಗುತ್ತಲ್ಲ," ಎಂದ ದರ್ಜಿ.

"ವಯಸ್ಸಾಯ್ತಲ್ಲ."

"ನನಗೂ ಆಗಿದೆ. ಉಪವಾಸ ಇದ್ದುಕೊಂಡೂ ನಾನು ನೆಟ್ಟಗೆ ಹೊಲಿಯುತ್ತಿಲ್ಲವಾ? ಮನಸ್ಸು ಗಟ್ಟಿ ಇರಬೇಕು ಕಣೆ."

ಅವಳು ಸೂಜಿಗೆ ಇನ್ನೊಮ್ಮೆ ದಾರ ಪೋಣಿಸಲು ನೋಡಿದಳು. ಪೋಣಿಸಲಾಗಲಿಲ್ಲ. ಕೂತಲ್ಲೇ ಕುಸಿದಳು.

ಇಲ್ಲಿ ಗುರುಮಲ್ಲಪ್ಪ ತಡೆದ. "ಬಾಯಿ ಬಿಟ್ಟು ಹೇಳಬಾರದಿತ್ತಾ ಬುದ್ಧಿ, ಆಯಮ್ಮ?"

"ನಿಮ್ಮ ಮನೆಯಲ್ಲಿ ಹೇಳ್ತಾರೋ?"

"ನಮ್ಮವಳಾ? ಅವಳಿಗೆ ಮೊದಲಿಂದಲೂ ಹಸಿವು ಕಮ್ಮಿ."

ಗುರುಗಳು ಕಣ್ಣು ಮುಚ್ಚಿದರು. ಹಾಗೆಯೇ ಕತೆ ಮುಂದುವರಿಸಿದರು.

ದರ್ಜಿ ಹೆಂಡತಿಯನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದ. ಎತ್ತುವಾಗ ಮಂಡಿ ನೋಯಲಿಲ್ಲ. ಎತ್ತಿದ್ದು ಒಂದು ಸೀರೆಯನ್ನೋ ಒಬ್ಬ ಹೆಂಗಸನ್ನೋ ಎಂದು ಅವನಿಗೇ ಅನುಮಾನವಾಯಿತು. ತಾನು ಇಳಿಸಲು ಹೊರಟಿದ್ದ ತೂಕ ಯಾರ ಮೈಯಿಂದ ಇಳಿದಿದೆ ಎಂದು ಆಗ ತಿಳಿಯಿತು. ಅವನೇ ಹೋಗಿ ಒಲೆ ಹಚ್ಚಿದ. ಅಕ್ಕಿ ಪೂರ್ತಿ ಹಾಕಿದ. ಒಗ್ಗರಣೆ ಸೀದುಹೋಯಿತು. ಆದರೂ ಬಡಿಸಿ ತಂದು ಅವಳ ಮುಂದಿಟ್ಟ. ನೀನು ಉಂಡ ಮೇಲೆಯೇ ನಾನು ಎಂದು ಗೋಡೆಗೆ ಒರಗಿ ಕೂತ. ಅವಳು ಉಂಡಳು. ಅಂದಿನಿಂದ ಇಬ್ಬರೂ ಎದುರುಬದುರು ಕೂತು, ಇದ್ದದ್ದನ್ನು ಹಂಚಿಕೊಂಡರು. ದರ್ಜಿಯ ಪಾಲು ಕಡಿಮೆಯಾಯಿತು. ಹೊಟ್ಟೆಯೂ ಮೆಲ್ಲಗೆ ಇಳಿಯಿತು.

ಗುರುಮಲ್ಲಪ್ಪ ಉಸಿರು ಬಿಟ್ಟ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಕಂಬ ಹಿಡಿದು ಎದ್ದ.

"ಚೆನ್ನಾಗಿ ಮುಗೀತು ಬುದ್ಧಿ. ಕೊನೆಗೂ ಆಯಮ್ಮ ಉಂಡಳಲ್ಲ, ಅಷ್ಟು ಸಾಕು. ಮಾತಲ್ಲಿ ನನ್ನ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಇಲ್ಲೇ ದಾಸೋಹದಲ್ಲಿ ಉಂಡುಬಿಡ್ತೀನಿ, ಮನೆಗೆ ಹೋಗೋಕೆ ಅವಸರವೇನಿದೆ," ಎಂದು ಊಟದ ಮನೆಯ ಕಡೆ ತಿರುಗಿದ.

ಗುರುಗಳು ಕೂತಲ್ಲಿಂದಲೇ ಹೇಳಿದರು:

"ಕೊನೆ ನಾನು ಕಟ್ಟಿದ್ದು ಕಣಯ್ಯ, ಆಕೆ ಇನ್ನೂ ಉಂಡಿಲ್ಲ."